ಒರಗಿ ಕುಳಿತು ಸೈಕಲ್ ಸವಾರಿ

ಬೈಸಿಕಲ್ಲಿನ ಮೇಲೆ ಕುಳಿತವನ ಶರೀರಭಾರವು ಐದು ಎಡೆಗಳಲ್ಲಿ ಹಂಚಿಹೋಗುತ್ತದೆ: ಸೀಟಿನ ಮೇಲೆ ಒಂದು, ಪೆಡಲುಗಳ ಮೇಲೆ ಎರಡು, ಹ್ಯಾಂಡಲಿನ ಹಿಡಿಗಳ ಮೇಲೆ ಎರಡು. ಆರೋಗ್ಯವಂತನು ಇದನ್ನು ಗಮನಿಸುವುದೇ ಇಲ್ಲ. ಆದರೆ ಬಿದ್ದು ಮಣಿಕಟ್ಟು ಮುರಿದುಕೊಂಡವನಾಗಲಿ, ಹೆಗಲಿಗೋ ಕತ್ತಿಗೋ ಪೆಟ್ಟು ತಗಲಿದವನಾಗಲಿ ಮತ್ತೆ ಸೈಕಲ್ ಏರಿದಾಗ ಈ ಹಂಚಿಕೆಯ ಲೆಕ್ಕವು ಅವನಿಗೆ ಚೆನ್ನಾಗಿ ಅರಿವಾಗುತ್ತದೆ. ಮೂಳೆ ಕೂಡಿಕೊಂಡಿರುತ್ತದೆ, ಕಾಲುಗಳಲ್ಲಿ ಕಸುವಿರುತ್ತದೆ. ಆದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಗೈ ಜೋಮು ಹಿಡಿಯಬಹುದು, ಕತ್ತು ಸೆಟೆಯಬಹುದು. ಅಂಥವನು ಸೈಕಲ್ಲನ್ನೇ ತೊರೆಯಬೇಕೆ? ಅನೇಕರ ಪಾಲಿಗೆ, ತೊರೆಯಬೇಕಾದುದು ಸೈಕಲ್ಲನ್ನಲ್ಲ, ಅದರ ಮೇಲೆ ಕೂಡುವ ಭಂಗಿಯನ್ನು.

ಇದಕ್ಕಾಗಿ ಇರುವ ವಾಹನವೇ ರಿಕಂಬೆಂಟ್ ಸೈಕಲ್; ನಾವು ಇದನ್ನು 'ಒರಗು ಸೈಕಲ್' ಎಂದು ಕರೆಯೋಣ. ಇದರಲ್ಲಿ ಸವಾರನು ಆರಾಮಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲುಗಳನ್ನು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಾನೆ. ಕೈಗಳು ದಾರಿ ತಿರುಗಿಸುವುದಕ್ಕೆ ಮತ್ತು ಬ್ರೇಕ್ ಹಿಡಿಯುವುದಕ್ಕೆ ಮಾತ್ರ, ಭಾರ ಹೊರುವುದಕ್ಕಲ್ಲ.

ಮೊದಲು ಒತ್ತಡವನ್ನು ಗಣಿಸೋಣ. ಬಲವನ್ನು ಅದು ಬೀಳುವ ಕ್ಷೇತ್ರಫಲದಿಂದ ಭಾಗಿಸಿದರೆ ಒತ್ತಡ ದೊರೆಯುವುದೆಂದು ನೀವು ಓದಿದ್ದೀರಿ. ಸಾಮಾನ್ಯ ಸೈಕಲ್ಲಿನ ಸೀಟಿನ 100 ಚದರ ಸೆಂಟಿಮೀಟರ್ ಜಾಗದ ಮೇಲೆ 400 ನ್ಯೂಟನ್ ಬಲ ಬೀಳುತ್ತದೆ ಎಂದಿಟ್ಟುಕೊಳ್ಳಿ. ಒತ್ತಡವು ಚದರ ಸೆಂಟಿಮೀಟರಿಗೆ 4 ನ್ಯೂಟನ್. ಒರಗು ಸೈಕಲ್ಲಿನಲ್ಲಿ ಕೈಗಳ ಭಾರವೂ ಆಸನಕ್ಕೇ ಸೇರಿ ಬಲವು 500 ನ್ಯೂಟನ್ ಆದರೂ, ತೊಡೆ, ಸೊಂಟ, ಬೆನ್ನುಗಳು ಕೂಡಿ 1000 ಚದರ ಸೆಂಟಿಮೀಟರ್ ಜಾಗವನ್ನು ಒದಗಿಸಿದರೆ ಒತ್ತಡವು 0.5 ನ್ಯೂಟನ್ ಮಾತ್ರ. ಮೊದಲಿನ ಎಂಟನೆಯ ಒಂದು ಪಾಲು. ಅಂಗೈಯಲ್ಲಿ ಕಿರುಬೆರಳಿನ ಕಡೆ ಹಾಯುವ ನರವು ಹಿಡಿಗೆ ಒತ್ತಲ್ಪಟ್ಟು ಉಂಟಾಗುವ ಜೋಮಿಗೆ ಇಲ್ಲಿ ಕಾರಣವೇ ಉಳಿಯುವುದಿಲ್ಲ.

ಎರಡನೆಯದು, ಬೀಳುವ ರೀತಿ. ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಬಿಗಿಯಾಗಿ ಹಿಡಿದರೆ ಸವಾರನು ಹ್ಯಾಂಡಲಿನ ಮೇಲಿಂದ ತಲೆಕೆಳಗಾಗಿ ಬೀಳುವುದುಂಟು. ಗುರುತ್ವಕೇಂದ್ರವು ನೆಲದಿಂದ 110 ಸೆಂಟಿಮೀಟರ್ ಎತ್ತರದಲ್ಲಿಯೂ, ಮುಂದಿನ ಚಕ್ರವು ನೆಲವನ್ನು ಮುಟ್ಟುವ ಬಿಂದುವಿನಿಂದ 60 ಸೆಂಟಿಮೀಟರ್ ಹಿಂದೆಯೂ ಇದ್ದರೆ, ವೇಗ ಕುಗ್ಗುವ ದರವು ಗುರುತ್ವ ವೇಗೋತ್ಕರ್ಷದ 60/110 ಭಾಗವನ್ನು, ಎಂದರೆ ಸುಮಾರು ಅರ್ಧವನ್ನು, ಮೀರಿದೊಡನೆ ಹಿಂದಿನ ಚಕ್ರ ಮೇಲೇಳುತ್ತದೆ. ಒರಗು ಸೈಕಲ್ಲಿನಲ್ಲಿ ಗುರುತ್ವಕೇಂದ್ರವು ತಗ್ಗಾಗಿರುವುದರಿಂದ ಈ ಭಾಗಲಬ್ಧವು ಹೆಚ್ಚುತ್ತದೆ. ಅನೇಕ ಮಾದರಿಗಳಲ್ಲಿ ಸವಾರನು ಮಗುಚುವ ಮೊದಲೇ ಟೈರು ಜಾರುತ್ತದೆ. ಆಗ ಬಿದ್ದರೂ ಅದು ಪಕ್ಕಕ್ಕೆ, ಅಲ್ಪ ಎತ್ತರದಿಂದ. ಎತ್ತರ ಅರ್ಧವಾದರೆ ಬೀಳುವಾಗ ಬಿಡುಗಡೆಯಾಗುವ ಶಕ್ತಿಯೂ ಅರ್ಧವೇ.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಒಂದು ಉದ್ದನೆಯ ಕೋಲನ್ನೂ ಒಂದು ಪೆನ್ಸಿಲನ್ನೂ ಬೆರಳ ತುದಿಯಲ್ಲಿ ನೆಟ್ಟಗೆ ನಿಲ್ಲಿಸಲು ಯತ್ನಿಸಿ ನೋಡಿ. ಕೋಲು ನಿಧಾನವಾಗಿ ವಾಲುತ್ತದೆ, ಸರಿಪಡಿಸಲು ಅವಕಾಶವಿರುತ್ತದೆ; ಪೆನ್ಸಿಲು ಕ್ಷಣದಲ್ಲಿ ಉರುಳುತ್ತದೆ. ವಾಲುವ ಕಾಲವು ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಎತ್ತರ ಅರ್ಧವಾದರೆ ಸವಾರನಿಗೆ ಸಿಗುವ ಕಾಲ ಸುಮಾರು ಶೇಕಡ 30ರಷ್ಟು ಕಡಿಮೆ. ಆದುದರಿಂದಲೇ ಹೊಸದಾಗಿ ಕಲಿಯುವವನು, ಹಿಂದೆ ಎಷ್ಟೇ ನುರಿತವನಾಗಿದ್ದರೂ, ಮೊದಮೊದಲು ತಡವರಿಸುತ್ತಾನೆ. ಸಮತೋಲ ಹಿಡಿಯುವುದು ಗಾಯದಿಂದಾಗಿ ಕಷ್ಟವಾದವರಿಗೆ ಮೂರು ಚಕ್ರದ ಮಾದರಿಯೇ ಲೇಸು.

ಮಂಡಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಹ್ಯಾಂಡಲನ್ನು ಜಗ್ಗಿ ಹಿಡಿದ ಹೊರತು, ಕಾಲೊತ್ತುವ ಬಲವು ಸವಾರನ ತೂಕವನ್ನು ಮೀರಿ ನಿಲ್ಲಲಾರದು. ಮೀರಿದರೆ ಅವನೇ ಸೀಟಿನಿಂದ ಮೇಲೇಳುತ್ತಾನೆ. ಒರಗು ಸೈಕಲ್ಲಿನಲ್ಲಿಯಾದರೋ ಬೆನ್ನಹಿಂದೆ ಆಸನವು ಗೋಡೆಯಂತಿರುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಆಸನವು ಎಷ್ಟು ಬೇಕಾದರೂ ಪ್ರತಿಬಲವನ್ನು ಕೊಡುವುದರಿಂದ, ಕಾಲು ತೂಕಕ್ಕಿಂತ ಹೆಚ್ಚು ಬಲದಿಂದ ಒತ್ತಬಲ್ಲದು. ಆ ಹೊರೆಯೆಲ್ಲ ಬೀಳುವುದು ಮಂಡಿಯ ಮೇಲೆ. ಏರಿನಲ್ಲಿ ಎದ್ದು ನಿಂತು ತುಳಿಯುವ ಉಪಾಯವೂ ಇಲ್ಲಿಲ್ಲ. ಹಗುರವಾದ ಗೇರಿನಲ್ಲಿ ಬೇಗಬೇಗನೆ, ಮೆಲ್ಲಗೆ ಒತ್ತುವುದೇ ದಾರಿ. ಮಂಡಿಗೆ ಪೆಟ್ಟಾದವರು ವೈದ್ಯರ ಸಲಹೆ ಪಡೆಯದೆ ಇದನ್ನು ಏರಬಾರದು. ತಗ್ಗಿನಲ್ಲಿ ಕುಳಿತವನು ಲಾರಿ ಚಾಲಕರ ಕಣ್ಣಿಗೆ ಬೀಳುವುದು ಕಷ್ಟವಾದುದರಿಂದ ಎತ್ತರದ ಬಾವುಟವೂ ದೀಪವೂ ಅಗತ್ಯ.

ಇದು ರೋಗಿಗಳ ಗಾಡಿ ಎಂದು ಯಾರೂ ಹೀಗಳೆಯಬೇಕಾಗಿಲ್ಲ. ಒರಗಿ ಕುಳಿತವನು ಗಾಳಿಗೆ ಒಡ್ಡುವ ಮೈ ಕಡಿಮೆ. ವಾಯುರೋಧವು ವೇಗದ ವರ್ಗದಂತೆಯೂ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆಯೂ ಏರುವುದರಿಂದ ಸಮತಟ್ಟು ನೆಲದಲ್ಲಿ ಇದರ ಲಾಭ ದೊಡ್ಡದು. ಒಂದು ಗಂಟೆಯಲ್ಲಿ ಕ್ರಮಿಸಿದ ದೂರದಲ್ಲಿ ಆಸ್ಕರ್ ಎಗ್ 1914ರಲ್ಲಿ ಸ್ಥಾಪಿಸಿದ ದಾಖಲೆ 44.247 ಕಿಲೋಮೀಟರ್. 1933ರ ಜುಲೈ 7ರಂದು ಪ್ಯಾರಿಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬಾತನು ಷಾರ್ಲ್ ಮೋಶೆ ನಿರ್ಮಿಸಿದ ಒರಗು ಸೈಕಲ್ಲಿನಲ್ಲಿ 45.055 ಕಿಲೋಮೀಟರ್ ಕ್ರಮಿಸಿದನು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಘವು ಇಂಥ ರಚನೆಯನ್ನು ಅಧಿಕೃತ ಸ್ಪರ್ಧೆಗಳಿಂದ ಹೊರಗಿಟ್ಟಿತು. 2016ರಲ್ಲಿ ಅಮೆರಿಕದ ನೆವಾಡಾದಲ್ಲಿ ಟಾಡ್ ರೈಕರ್ಟ್ ಕವಚ ತೊಡಿಸಿದ ಒರಗು ಸೈಕಲ್ಲಿನಲ್ಲಿ ಗಂಟೆಗೆ 144.17 ಕಿಲೋಮೀಟರ್ ವೇಗವನ್ನು ಮುಟ್ಟಿದ್ದು ಕೇವಲ ಕಾಲ್ಬಲದಿಂದ.

ಸಂಘದ ನಿಯಮವು ಪಂದ್ಯಗಳಿಗೆ ಅನ್ವಯಿಸುತ್ತದೆ. ಮಣಿಕಟ್ಟು ನೊಂದವನಿಗೆ ಅನ್ವಯಿಸುವುದು ಬಲ, ಒತ್ತಡ, ಸಮತೋಲಗಳ ನಿಯಮಗಳು ಮಾತ್ರ. ನಾವು ನಿತ್ಯ ಕಾಣುವ ಸೈಕಲ್ಲಿನ ಆಕಾರವು ರೂಢಿಯಿಂದ ಬಂದುದೇ ಹೊರತು ಪ್ರಕೃತಿಯ ಕಟ್ಟಳೆಯಲ್ಲ. ಶರೀರವನ್ನು ಯಂತ್ರಕ್ಕೆ ಒಗ್ಗಿಸಲಾಗದಾಗ ಯಂತ್ರವನ್ನು ಶರೀರಕ್ಕೆ ಒಗ್ಗಿಸುವುದೇ ವಿಜ್ಞಾನದ ಕೆಲಸ.