ಕ್ಯೂಆರ್ ಕೋಡ್ ತೆಗೆದರೆ ತೆರಿಗೆ ತಪ್ಪುತ್ತದೆಯೇ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಆದರೆ ಜಿಎಸ್‌ಟಿಗೆ ಹಣ ಬಂದ ದಾರಿ ಮುಖ್ಯವಲ್ಲ. ಗಲ್ಲಾಪೆಟ್ಟಿಗೆಯ ನೋಟೂ ವಹಿವಾಟೇ.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂ., ಸೇವೆ ನೀಡುವವರದು 20 ಲಕ್ಷ ರೂ. ದಾಟಿದರೆ ನೋಂದಣಿ ಬೇಕು. ವಹಿವಾಟು ಎಂದರೆ ಲಾಭವಲ್ಲ, ಒಟ್ಟು ಮಾರಾಟ. ದಿನಕ್ಕೆ 11,000 ರೂ. ವ್ಯಾಪಾರವಿರುವ ಕಿರಾಣಿ ಅಂಗಡಿ ರಜೆಯಿಲ್ಲದೆ ನಡೆದರೆ ವರ್ಷಕ್ಕೆ 40,15,000 ರೂ.! (ನಮ್ಮ ಅಬ್ಬಾಗೆ ಇದನ್ನು ಒಪ್ಪಿಸಲು ಎರಡು ರಾತ್ರಿ ಬೇಕಾಯಿತು.)

ತರಕಾರಿ, ಬಿಡಿ ಹಾಲಿನಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಡ. ಜೊತೆಗೆ ಬಿಸ್ಕತ್ತು, ಸೋಪು ಇಟ್ಟರೆ ಎಲ್ಲವನ್ನೂ ಕೂಡಿಸಿಯೇ ಲೆಕ್ಕ. ಮಿತಿ ದಾಟಿದ ವ್ಯಾಪಾರಿ 1.5 ಕೋಟಿ ರೂ.ವರೆಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ. 1 ಕಟ್ಟಬಹುದು. ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ.

ಇನ್ನೊಂದು ತೊಡಕಿದೆ. ಕೈಸಾಲ, ತಮ್ಮ ಕಳಿಸಿದ ಹಣ ಅಂಗಡಿಯ ಖಾತೆಗೇ ಬಿದ್ದರೆ ಅದೂ ಮಾರಾಟದಂತೆ ಕಾಣುತ್ತದೆ. ಅಲ್ಲವೆಂದು ತೋರಿಸಲು, ನಾವು ಪ್ರಥಮ ಪಿಯುಸಿಯಲ್ಲಿ ಬೇಸರದಿಂದ ಬರೆಯುವ ನಗದು ಪುಸ್ತಕವೇ ಬೇಕು.