ಗೆರೆ ಎಳೆದ ಪುಸ್ತಕ

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷದ ಮಾತು. ಒಂದು ಮಳೆಗಾಲದ ಬೆಳಿಗ್ಗೆ ಹಾಜರಿ ಪುಸ್ತಕವನ್ನು ತೆರೆದೆನು. ಹೆಸರು ಕೂಗುವುದಕ್ಕೆ ಬೇಸರವಾಗಿ, ಹಿಂದಿನ ದಿನದಂತೆಯೇ ಎಲ್ಲರಿಗೂ ಹಾಜರಿಯ ಗುರುತು ಹಾಕಿಬಿಟ್ಟೆನು. ಮಧ್ಯಾಹ್ನ ಒಬ್ಬ ರೈತನು ಮಳೆಯಲ್ಲಿ ತೊಯ್ದು ಬಂದು, “ಮೇಷ್ಟ್ರೇ, ಹಳ್ಳ ತುಂಬ್ಕೊಂಡೈತೆ. ನಮ್ಮ ಹುಡುಗ ಸ್ಕೂಲಿಗೆ ಬಂದವ್ನಾ?” ಎಂದು ಕೇಳಿದನು. ನಾನು ಪುಸ್ತಕವನ್ನು ನೋಡಿ, “ಬಂದಿದ್ದಾನೆ” ಎಂದೆನು. ಅವನು ನೆಮ್ಮದಿಯಿಂದ ಮರಳಿದನು. ಹುಡುಗನು ಶಾಲೆಗೆ ಬಂದಿರಲೇ ಇಲ್ಲ. ಹಳ್ಳದ ಆಚೆ ದಡದ ಒಂದು ಗುಡಿಸಿಲಿನಲ್ಲಿ ಸಿಕ್ಕಿಕೊಂಡಿದ್ದನು. ದೈವವಶಾತ್ ಸಂಜೆ ಕ್ಷೇಮವಾಗಿ ಮನೆ ಸೇರಿದನು. ಹಾಜರಿ ಪುಸ್ತಕದ ಗೆರೆಗಳನ್ನು ಅಚ್ಚುಕೂಟದವರು ಎಳೆದು ಕಳುಹಿಸಬಲ್ಲರು; ಆದರೆ ಅದರಲ್ಲಿ ತುಂಬುವ ಸತ್ಯವನ್ನು ಮಕ್ಕಳ ಮುಖ ನೋಡಿಯೇ ಬರೆಯಬೇಕೆಂಬ ಪಾಠವನ್ನು ನಾನು ಅಂದು ಕಲಿತೆನು.

ಇಂದಿನ ಗಣಕಯಂತ್ರಗಳ ಕಾಲದಲ್ಲಿಯೂ ಈ ಪಾಠ ಹಳೆಯದಾಗಿಲ್ಲ. ಗೆರೆ ಎಳೆದ ಪುಸ್ತಕವನ್ನು ಕ್ಷಣಮಾತ್ರದಲ್ಲಿ ಸಿದ್ಧಪಡಿಸಿಕೊಡುವ ಯಂತ್ರಗಳು ಈಗ ಬಂದಿವೆ. ಅವು ಏನನ್ನು ಕೊಡುತ್ತವೆ, ಏನನ್ನು ಕೊಡಲಾರವು ಎಂಬುದನ್ನು ನೋಡೋಣ.

ಕೇಳಿದವರಿಗೆ ಉತ್ತರ ಕೊಡಲೆಂದು ಸದಾ ಎಚ್ಚರವಾಗಿರುವ ಗಣಕಯಂತ್ರವೇ ಸರ್ವರ್. ಜಗತ್ತಿನ ಮೊಟ್ಟಮೊದಲ ವೆಬ್ ಸರ್ವರನ್ನು ಟಿಮ್ ಬರ್ನರ್ಸ್-ಲೀ ಎಂಬವರು 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಸ್ಥಾಪಿಸಿದರು. ಯಾರಾದರೂ ಅರಿಯದೆ ಅದನ್ನು ನಿಲ್ಲಿಸಿಬಿಟ್ಟಾರೆಂದು, ‘ಇದು ಸರ್ವರ್, ಆರಿಸಬೇಡಿ’ ಎಂಬ ಅರ್ಥದ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದರು.

ನಮ್ಮ ರಾಜ್ಯದ ರೈತರಿಗೆ ಗಣಕಯಂತ್ರದ ಉತ್ತರ ದೊರೆಯತೊಡಗಿದ್ದು ‘ಭೂಮಿ’ ಯೋಜನೆಯಿಂದ. ಅದಕ್ಕೆ ಮೊದಲು ಪಹಣಿಗಳನ್ನು ಸುಮಾರು 9,000 ಗ್ರಾಮಲೆಕ್ಕಿಗರು ಕೈಬರಹದಲ್ಲಿ ಇರಿಸಿಕೊಂಡಿದ್ದರು. 2002ರ ವೇಳೆಗೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ನಕಲು ದೊರೆಯುತ್ತಿತ್ತು. ಅದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ರೂಪಿಸಿದರು.

ಇಂದು ಒಂದು ಯಂತ್ರ ಕೇಳಿ ಇನ್ನೊಂದು ಯಂತ್ರ ಉತ್ತರಿಸುವ ವ್ಯವಹಾರ ಬೆಳೆದಿದೆ. ಏನನ್ನು ಕೇಳಬಹುದು, ಹೇಗೆ ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬ ಕರಾರಿಗೆ ಎಪಿಐ ಎಂದು ಹೆಸರು. ಈ ಕರಾರನ್ನು ಕ್ರಮಬದ್ಧವಾಗಿ ಬರೆಯುವ ಸ್ವಾಗರ್ ಎಂಬ ಪದ್ಧತಿಯನ್ನು ವರ್ಡ್‌ನಿಕ್ ಎಂಬ ಇಂಗ್ಲಿಷ್ ನಿಘಂಟು ಸಂಸ್ಥೆಯಲ್ಲಿದ್ದ ಟೋನಿ ಟ್ಯಾಮ್ ಆರಂಭಿಸಿದರು. ಮುಂದೆ ಅದು ಓಪನ್‌ಎಪಿಐ ಎಂಬ ಹೆಸರು ಪಡೆಯಿತು. ಕರಾರನ್ನು ಓದಿ ಸರ್ವರಿನ ಕೋಡನ್ನು ತಾನೇ ಬರೆದುಕೊಡುವ ಓಪನ್‌ಎಪಿಐ ಜನರೇಟರ್ 2018ರಲ್ಲಿ ಬಂದಿತು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಮೈಸೂರು ಜಿಲ್ಲೆಯ ದಕ್ಷಿಣದಂಚಿನಲ್ಲಿ, ಬಂಡೀಪುರದ ಕಾಡಿನ ಮಗ್ಗುಲಲ್ಲಿ ಎನ್. ಬೇಗೂರು ಇದೆ. ಅಲ್ಲಿನ ರೈತನು ಸರ್ವೆ ನಂಬರ್ ಹೇಳಿದರೆ ಖಾತೆದಾರನ ಹೆಸರನ್ನೂ ಜಮೀನಿನ ವಿಸ್ತೀರ್ಣವನ್ನೂ ತಿಳಿಸುವ ಚಿಕ್ಕ ಸರ್ವರೊಂದನ್ನು ಅಭ್ಯಾಸಕ್ಕಾಗಿ ಸ್ಥಾಪಿಸಬೇಕಾಗಿದೆ ಎನ್ನೋಣ. ಮೊದಲು ಕರಾರು ಬರೆಯಬೇಕು. ಬಳಿಕ ಜನರೇಟರಿಗೆ ಅದನ್ನು ಕೊಟ್ಟು, ಪೈಥಾನ್ ಭಾಷೆಯ ಫ್ಲಾಸ್ಕ್ ಮಾದರಿಯಲ್ಲಿ ಕೋಡ್ ಬೇಕೆಂದು ಹೇಳಬೇಕು. ಕೆಲವೇ ಕ್ಷಣಗಳಲ್ಲಿ ಕೇಳಿಕೆಗಳನ್ನು ಸ್ವೀಕರಿಸುವ ಕಡತಗಳು, ಮಾಹಿತಿಯ ನಮೂನೆಗಳು, ಪರೀಕ್ಷೆಯ ಕಡತಗಳು ಎಲ್ಲವೂ ಸಿದ್ಧವಾಗುತ್ತವೆ. ಅದಕ್ಕೆ ಬೇಕಾದ ಇತರ ತಂತ್ರಾಂಶಗಳನ್ನು ಅಳವಡಿಸಿ ಚಾಲನೆ ಕೊಟ್ಟರೆ, ಸರ್ವರು 8080 ಎಂಬ ಸಂಖ್ಯೆಯ ಬಾಗಿಲಿನಲ್ಲಿ ಕಿವಿಗೊಟ್ಟು ಕುಳಿತುಕೊಳ್ಳುತ್ತದೆ.

ಈಗ ಒಂದು ಸರ್ವೆ ನಂಬರನ್ನು ಕೇಳಿದರೆ ಬರುವ ಉತ್ತರವೇನು? ‘ಇಲ್ಲೊಂದು ಮಾಯೆ ಮಾಡಿ’ ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ! ಮಾಯೆಯನ್ನು ನಾವೇ ಮಾಡಬೇಕೆಂದು ಯಂತ್ರವು ಸೂಚಿಸುತ್ತಿದೆ. ಆದರೆ ಆ ವಾಕ್ಯದ ಜೊತೆಗೆ ಅದು ಕಳುಹಿಸುವ ಸಂಕೇತ 200. ‘ಎಲ್ಲವೂ ಸರಿಯಾಗಿದೆ’ ಎಂದು ಇದರ ಅರ್ಥ. ಹೆಸರು ಕೂಗದೆ ಹಾಕಿದ ಹಾಜರಿಯೆಂದರೆ ಇದೇ ಅಲ್ಲವೇ? ಉತ್ತರ ಸಿದ್ಧವಾಗಿಲ್ಲದಿದ್ದರೆ 501 ಎಂದೂ, ಕೇಳಿದ ಸರ್ವೆ ನಂಬರ್ ದಾಖಲೆಯಲ್ಲಿ ಇಲ್ಲದಿದ್ದರೆ 404 ಎಂದೂ ಹೇಳುವಂತೆ ನಾವು ತಿದ್ದಬೇಕು. ಸುಳ್ಳು ‘ಇದೆ’ಗಿಂತ ಪ್ರಾಮಾಣಿಕವಾದ ‘ಇಲ್ಲ’ ಮೇಲು.

ಖಾಲಿ ಬಿಟ್ಟ ಭಾಗವನ್ನು ತುಂಬಿದರೂ ಎಚ್ಚರ ತಪ್ಪಬಾರದು. ಸರ್ವೆ ನಂಬರ್ ಹೆಸರಿಗೆ ನಂಬರಾದರೂ 45/2 ಎಂಬಂತೆ ಅದರಲ್ಲಿ ಹಿಸ್ಸೆಯೂ ಸೇರಿರುತ್ತದೆ. ಕರಾರಿನಲ್ಲಿ ಅದನ್ನು ಬರಿಯ ಸಂಖ್ಯೆಯೆಂದು ಬರೆದರೆ, ಸರ್ವರು ರೈತನ ನಿಜವಾದ ಕೇಳಿಕೆಯನ್ನೇ ತಿರಸ್ಕರಿಸುತ್ತದೆ. ವಿಸ್ತೀರ್ಣದ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. 2 ಎಕರೆ 10 ಗುಂಟೆಯನ್ನು 2.10 ಎಂದು ದಶಮಾಂಶದಲ್ಲಿ ಬರೆದರೆ, ಯಂತ್ರವು ಅದನ್ನು 2 ಎಕರೆ 4 ಗುಂಟೆಯೆಂದೇ ಲೆಕ್ಕ ಹಾಕುತ್ತದೆ. ಆರು ಗುಂಟೆ ನೆಲ ಕಾಗದದ ಮೇಲೆ ಕರಗಿಹೋಗುತ್ತದೆ! ಯಂತ್ರವು ತಪ್ಪು ಮಾಡಲಿಲ್ಲ. ಅದಕ್ಕೆ ಗುಂಟೆಯ ಲೆಕ್ಕವನ್ನು ಯಾರೂ ಹೇಳಿರಲಿಲ್ಲ. ಆ ಲೆಕ್ಕ ಹೊಲದ ಬದುವಿನ ಮೇಲೆ ನಡೆದವರಿಗೆ ಗೊತ್ತು. ಆದುದರಿಂದ ಎಕರೆ, ಗುಂಟೆಗಳನ್ನು ಬೇರೆಬೇರೆಯಾಗಿಯೇ ಕರಾರಿನಲ್ಲಿ ನಮೂದಿಸಬೇಕು.

ಇನ್ನೆರಡು ಮಾತುಗಳನ್ನು ನೆನಪಿಡಿರಿ. ಕರಾರು ಬದಲಾದಾಗ ಕೋಡನ್ನು ಮತ್ತೆ ಉತ್ಪಾದಿಸಿದರೆ, ನಾವು ಕೈಯಾರೆ ಬರೆದ ಭಾಗದ ಮೇಲೆ ಯಂತ್ರವು ಹೊಸದಾಗಿ ಬರೆದುಬಿಡಬಹುದು. ಮುಟ್ಟಬಾರದ ಕಡತಗಳ ಪಟ್ಟಿಯನ್ನು ಅದಕ್ಕೆ ಮೊದಲೇ ಕೊಟ್ಟಿರಬೇಕು. ಎರಡನೆಯದು ಕಾವಲು. ದಾಖಲೆಯನ್ನು ತಿದ್ದುವ ಅಧಿಕಾರ ಎಲ್ಲರಿಗೂ ಸಲ್ಲದು. ‘ಭೂಮಿ’ಯಲ್ಲಿ ಅಧಿಕಾರಿಗಳ ಬೆರಳಚ್ಚನ್ನು ಪರೀಕ್ಷಿಸುವ ಏರ್ಪಾಡು ಮಾಡಿದ್ದುದು ಇದೇ ಕಾರಣದಿಂದ.

ವಿದ್ಯಾರ್ಥಿಗಳೇ, ಯಂತ್ರವು ನಮ್ಮ ಶ್ರಮವನ್ನು ಉಳಿಸುವುದು ಸಂತೋಷದ ವಿಷಯ. ದಿನಗಟ್ಟಲೆ ಗೆರೆ ಎಳೆಯುವ ಕೆಲಸ ತಪ್ಪಿದರೆ, ಆ ಹೊತ್ತನ್ನು ಸತ್ಯವನ್ನು ಪರಿಶೀಲಿಸುವುದಕ್ಕೆ ಬಳಸಬಹುದು. ನಿಮ್ಮಲ್ಲಿ ಕೆಲವರು ಮುಂದೆ ಇಂಥ ಸರ್ವರುಗಳನ್ನು ಕಟ್ಟುವಿರಿ. ಅದರ ಆಚೆ ತುದಿಯಲ್ಲಿ ಮಳೆಯಲ್ಲಿ ತೊಯ್ದು ನಿಂತು, ನಿಮ್ಮ ಮಾತನ್ನು ನಂಬಿ ಮರಳುವವನೊಬ್ಬನಿದ್ದಾನೆ. ಪ್ರತಿಯೊಂದು ಹೆಸರನ್ನೂ ಕೂಗಿ, ಮುಖ ನೋಡಿ, ಆಮೇಲೆ ಗುರುತು ಹಾಕಿರಿ.

ಅಭ್ಯಾಸ
1. ಲೇಖಕರು ಹಾಜರಿ ಪುಸ್ತಕದ ಪ್ರಸಂಗದಿಂದ ಕಲಿತ ಪಾಠವೇನು?
2. ಎಪಿಐ ಎಂದರೇನು? ಜನರೇಟರು ಏನನ್ನು ಬರೆದುಕೊಡುತ್ತದೆ?
3. 3 ಎಕರೆ 20 ಗುಂಟೆಯನ್ನು 3.20 ಎಕರೆ ಎಂದು ಬರೆದರೆ ಎಷ್ಟು ಗುಂಟೆ ಕಡಿಮೆಯಾಗುತ್ತದೆ? ಲೆಕ್ಕ ಹಾಕಿ ಬರೆಯಿರಿ.