ಸೂಪಿಗೆ ಅಗಸಿ ಪುಡಿ

ಕಲಬುರಗಿಯ ಹೋಟೆಲಿನಲ್ಲಿ ಒಂದು ಬಟ್ಟಲು ಹಾಟ್ ಅಂಡ್ ಸೋರ್ ಸೂಪಿಗೆ ನಾನು ಕೊಡುವುದು ನೂರು ರೂಪಾಯಿ, ಅದರ ಮೇಲೆ ಶೇ 5 ಜಿಎಸ್‌ಟಿ. ನಾಲ್ವರು ಕೂತರೆ ಊಟ ಶುರುವಾಗುವ ಮೊದಲೇ 420 ರೂಪಾಯಿ ಹೋಯಿತು. ಬಟ್ಟಲಲ್ಲಿರುವುದು ಬಹುಪಾಲು ನೀರು. ಅದನ್ನು ಮಂದ ಮಾಡುವುದು ಕಾರ್ನ್‌ಫ್ಲೋರ್. ಹೆಂಡತಿಗೆ ಶುಗರ್ ಬಂದ ಮೇಲೆ ನನ್ನ ಕಣ್ಣು ಆ ಬಿಳಿ ಹಿಟ್ಟಿನ ಮೇಲೆ ಬಿತ್ತು. ಒಂದು ದೊಡ್ಡ ಚಮಚ ಎಂದರೆ ಸುಮಾರು 8 ಗ್ರಾಂ, ಅದರಲ್ಲಿ 7 ಗ್ರಾಂ ಪಿಷ್ಟವೇ.

‘ಲೋ ಕಾರ್ಬ್’ ಎಂದು ಮೊಬೈಲಿನಲ್ಲಿ ಹುಡುಕಿದರೆ ಸಾಕು, ಜಾಂತನ್ ಗಮ್, ಬಾದಾಮಿ ಹಿಟ್ಟು, ಕೊಂಜಾಕ್ ನೂಡಲ್ಸ್ ಸಾಲುಗಟ್ಟಿ ಬರುತ್ತವೆ. ನೂರು ಗ್ರಾಂ ಗಮ್ಮಿಗೆ ಇನ್ನೂರಕ್ಕೂ ಮೇಲೆ. ಪಥ್ಯದ ಹೆಸರಲ್ಲಿ ಮನೆಯ ರೊಕ್ಕ ಸೋರುವುದು ಇಂಥಲ್ಲೇ. ಜೇವರ್ಗಿಯ ನನ್ನ ಅಡುಗೆಮನೆಯಿಂದ ಆಳಂದದ ಅಕ್ಕನಿಗೆ ಫೋನ್ ಹಚ್ಚಿ ಇದನ್ನೆಲ್ಲ ಓದಿ ಹೇಳಿದೆ. “ಅದಕ್ಯಾಕೋ ಅಷ್ಟ್ ರೊಕ್ಕ? ಮನ್ಯಾಗ ಅಗಸಿ ಹಿಂಡಿ ಅದಲ್ಲ, ಉಪ್ಪು ಖಾರ ಹಾಕದ ಅಗಸಿ ಪುಡಿ ಹಾಕಿ ನೋಡು” ಅಂದಳು.

ಅಕ್ಕನ ಮಾತಿನಲ್ಲಿ ಹುರುಳಿತ್ತು. ನೂರು ಗ್ರಾಂ ಅಗಸಿಯಲ್ಲಿ ಸುಮಾರು 29 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ 27 ಗ್ರಾಂ ನಾರು. ಬಿಸಿನೀರು ತಾಗಿದರೆ ಲೋಳೆ ಬಿಡುತ್ತದೆ, ಸೂಪಿಗೆ ಬೇಕಾದ್ದೂ ಅದೇ. ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಎಳೆಎಳೆಯಾಗಿ ಹೆಚ್ಚಿದ ಎಲೆಕೋಸು, ಗಜ್ಜರಿ ಹಾಕಿ, ಲೀಟರ್ ನೀರು ಕುದಿಸುತ್ತೇನೆ. ಸೋಯಾ ಸಾಸ್, ಮೆಣಸಿನ ಪುಡಿ ಬಿದ್ದ ಮೇಲೆ, ತಣ್ಣೀರಲ್ಲಿ ಕಲಸಿದ ಎರಡು ಚಮಚ ಅಗಸಿ ಪುಡಿ. ಒಣಪುಡಿ ಉದುರಿಸಿದರೆ ಗಂಟು ಕಟ್ಟುತ್ತದೆ. ಉರಿ ಸಣ್ಣ ಮಾಡಿ, ಒಡೆದು ಕಲಕಿದ ಎರಡು ತತ್ತಿಯನ್ನು ನೂಲಿನ ಹಾಗೆ ಸುರಿಯುತ್ತ ಒಂದೇ ದಿಕ್ಕಿಗೆ ತಿರುವಬೇಕು. ತತ್ತಿಯೂ ಸೂಪನ್ನು ಮಂದ ಮಾಡುತ್ತದೆ. ವಿನೆಗರ್ ಕೊನೆಗೆ. ಬಣ್ಣ ಕೊಂಚ ಕಂದುತ್ತದೆ, ಸೋಯಾ ಅದನ್ನು ಮುಚ್ಚುತ್ತದೆ. ಚೀನಾದಲ್ಲಿ ಇದಕ್ಕೆ ತೋಫು, ಅಣಬೆ, ಬಿಳಿ ಮೆಣಸು, ಕಪ್ಪು ವಿನೆಗರ್ ಬೀಳುತ್ತವೆ. ಜೇವರ್ಗಿ ಸಂತೆಯಲ್ಲಿ ನನಗೆ ತೋಫು ಸಿಕ್ಕಿಲ್ಲ, ತತ್ತಿಯೇ ಗತಿ.

ನಾಲ್ಕು ಬಟ್ಟಲಿಗೆ ತತ್ತಿ ಹದಿನಾಲ್ಕು ರೂಪಾಯಿ, ತರಕಾರಿ ಹದಿನೈದು, ಅಗಸಿ ಮೂರು, ಸಾಸು-ಗ್ಯಾಸು ಸೇರಿ ಹತ್ತು. ನಲವತ್ತೆರಡಾಯಿತು, ಹೋಟೆಲಿನ ಬಿಲ್ಲಿನ ಹತ್ತನೇ ಒಂದು ಪಾಲು. ಹಸಿ ತರಕಾರಿಗೂ ತತ್ತಿಗೂ ಜಿಎಸ್‌ಟಿ ಇಲ್ಲ. ತತ್ತಿ ದರ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. ಮೊಟ್ಟೆ ಸಮನ್ವಯ ಸಮಿತಿ ದಿನಾ ಪ್ರಕಟಿಸುವ ಹೊಸಪೇಟೆ ದರ ನೋಡಿದರೆ ಅಂಗಡಿಯವನ ಮಾತು ಎಷ್ಟು ನಿಜ ಅಂತ ತಿಳಿಯುತ್ತದೆ.

ಈ ಲೆಕ್ಕ ಕೆಡುವುದು ಸಾಸಿನ ಬಾಟಲಿಯಿಂದ. ದೊಡ್ಡ ಬಾಟಲಿ ಅಗ್ಗ ಅಂತ ತಂದು, ಎರಡು ಸಲ ಬಳಸಿ, ಫ್ರಿಜ್ಜಿನ ಬಾಗಿಲಲ್ಲಿ ಮರೆತರೆ ಉಳಿತಾಯವೆಲ್ಲ ಅಲ್ಲೇ ಹೂತಂತೆ. ಸಣ್ಣದೇ ತನ್ನಿ. ಬೇಕಾದ ಸಾಸು ಊರಲ್ಲಿ ಸಿಗದಿದ್ದರೆ ಕಲಬುರಗಿಗೆ ಹೆಂಡತಿಯೇ ಹೋಗಿಬರುತ್ತಾಳೆ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಆಕೆಗೆ ಬಸ್ಸು ಪುಕ್ಕಟೆ, ನನಗಲ್ಲ. ಸೋಯಾ ಸಾಸಿನ ಒಂದು ದೊಡ್ಡ ಚಮಚದಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಬಿಪಿ ಇದ್ದವರು ಬೇರೆ ಉಪ್ಪು ಹಾಕಬಾರದು.

ಅಫಜಲಪುರದ ಅತ್ತಿ ಸೂಪಿನ ಜೊತೆ ಎರಡು ಜೋಳದ ರೊಟ್ಟಿ ಮುರಿದು ಹಾಕಿಕೊಂಡು, “ಛಲೋ ಆಗ್ಯಾದ್ರಿ” ಅಂದರು. ಅವರಿಗೆ ಶುಗರಿಲ್ಲ, ಉಣ್ಣಲಿ. ಹೆಂಡತಿ ಹಾಗೆ ಉಂಡರೆ ಕಾರ್ನ್‌ಫ್ಲೋರ್ ಬಿಟ್ಟದ್ದಕ್ಕೆ ಅರ್ಥವಿಲ್ಲ. ಹಾಗಂತ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವೇ ಊಟ ಕಡಿತ ಮಾಡಿದರೆ ಶುಗರ್ ತೀರ ಇಳಿಯಬಹುದು. ಮೊದಲು ಡಾಕ್ಟರನ್ನು ಕೇಳಬೇಕು. ಹೋಟೆಲಿಗೆ ಹೋಗದೆ ಉಳಿದ ದುಡ್ಡನ್ನು ನಾವು ಗ್ಲೂಕೋಮೀಟರಿನ ಸ್ಟ್ರಿಪ್ಪಿಗೆ ಎತ್ತಿಡುತ್ತೇವೆ. ಸೂಪು ಕುಡಿಯುವ ಮುಂಚೆ ಒಂದು, ಎರಡು ಗಂಟೆ ಬಿಟ್ಟು ಇನ್ನೊಂದು.